ಶವಪೆಟ್ಟಿಗೆ ವ್ಯಾಪಾರಿಯ ಒಂದು ಅನುಮಾನ, ಕರೆಯ ನಡುವೆ ಕೂತವರ ಅಧಿಕಾರ

ಬೆಂಗಳೂರಿನ ಯಾವುದಾದರೂ ಹತ್ತಿಪ್ಪತ್ತು ವರ್ಷ ಹಳೇ ಆಫೀಸಿನ ಸರ್ವರ್ ರೂಮಿಗೆ ಹೋಗಿ ನೋಡಿ. ಗೋಡೆಗೆ ಬಿಗಿದ ಒಂದು ಇಪಿಎಬಿಎಕ್ಸ್ ಪೆಟ್ಟಿಗೆ ಇರುತ್ತೆ. ಆಫೀಸಿನ ಎಲ್ಲ ಎಕ್ಸ್‌ಟೆನ್ಶನ್ ಫೋನುಗಳ ತಂತಿ ಬಂದು ಸೇರೋದು ಅಲ್ಲಿಗೆ. ಅದರ ಪಕ್ಕದಲ್ಲಿ ನೋಟ್‌ಬುಕ್ ಗಾತ್ರದ ಇನ್ನೊಂದು ಪೆಟ್ಟಿಗೆ, ಅದರ ಹೆಸರು ಗೇಟ್‌ವೇ. ಇದರ ಒಂದು ಬದಿಗೆ ಇಪಿಎಬಿಎಕ್ಸ್‌ನ ತಂತಿ, ಇನ್ನೊಂದು ಬದಿಗೆ ಇಂಟರ್ನೆಟ್ ಕೇಬಲ್. ಹಳೇ ಫೋನುಗಳನ್ನ ಗುಜರಿಗೆ ಹಾಕದೆ, ಅವುಗಳ ಮಾತನ್ನ ಇಂಟರ್ನೆಟ್ ಮೇಲೆ ಸಾಗಿಸೋದು ಇದರ ಕೆಲಸ. ನಾವು ಆಡೋ ಮಾತನ್ನ ಸೆಕೆಂಡಿಗೆ 8,000 ಸಲ ಅಳೆದು, ಅಂಕಿಗಳಾಗಿ ಮಾಡಿ, ಸಾಮಾನ್ಯವಾಗಿ 20 ಮಿಲಿಸೆಕೆಂಡಿಗೆ ಒಂದರಂತೆ ಪ್ಯಾಕೆಟ್ ಕಟ್ಟಿ ಕಳಿಸುತ್ತೆ. ಆಚೆ ತುದಿಯಲ್ಲಿ ಅಂಥದ್ದೇ ಇನ್ನೊಂದು ಪೆಟ್ಟಿಗೆ ಅದನ್ನ ಬಿಚ್ಚಿ ಮತ್ತೆ ದನಿಯಾಗಿಸುತ್ತೆ.

ಎಂಜಿನಿಯರಿಂಗ್ ದೃಷ್ಟಿಯಿಂದ ಇದು ತುಂಬ ವರ್ಷದ ಹಿಂದೆಯೇ ಬಗೆಹರಿದ ವಿಷಯ. ಆದರೂ ನಮ್ಮ ದೇಶದಲ್ಲಿ ಈ ಎರಡು ಪೆಟ್ಟಿಗೆಗಳನ್ನ ಹೇಗೆ ಬೇಕಾದರೆ ಹಾಗೆ ಜೋಡಿಸೋಕೆ ಬಹಳ ಕಾಲ ಬಿಡಲೇ ಇಲ್ಲ. ಯಾವ ತಂತಿಯನ್ನ ಯಾವುದಕ್ಕೆ ಸೇರಿಸಬಹುದು ಅಂತ ತೀರ್ಮಾನ ಮಾಡುತ್ತಿದ್ದದ್ದು ಲೈಸೆನ್ಸು, ಎಂಜಿನಿಯರ್ ಅಲ್ಲ. ಯಾಕೆ ಹೀಗೆ ಅಂತ ಅರ್ಥ ಆಗಬೇಕಾದರೆ ಸುಮಾರು 135 ವರ್ಷ ಹಿಂದಕ್ಕೆ ಹೋಗಿ, ಅಮೆರಿಕದ ಒಬ್ಬ ಸಿಡುಕು ಮನುಷ್ಯನನ್ನ ಭೇಟಿ ಮಾಡಬೇಕು. ಹೆಸರು ಆಲ್ಮನ್ ಬ್ರೌನ್ ಸ್ಟ್ರೌಜರ್. ಟೆಲಿಫೋನ್ ಇಲಾಖೆಯಲ್ಲಿ ಕೆಲಸ ಮಾಡಿ ರಿಟೈರ್ ಆದ ಹಿರಿಯರು ನಿಮ್ಮ ಮನೆಯಲ್ಲಿದ್ದರೆ ಕೇಳಿ ನೋಡಿ, ಈ ಹೆಸರು ಅವರಿಗೆ ಗೊತ್ತಿರುತ್ತೆ. ಆದರೆ ಅವರ ಮಟ್ಟಿಗೆ ಅದು ಮನುಷ್ಯನ ಹೆಸರಲ್ಲ, ಒಂದು ಯಂತ್ರದ ಹೆಸರು.

ಸ್ಟ್ರೌಜರ್ ಹುಟ್ಟಿದ್ದು 1839ರಲ್ಲಿ, ನ್ಯೂಯಾರ್ಕ್ ರಾಜ್ಯದ ರಾಚೆಸ್ಟರ್ ಹತ್ತಿರದ ಪೆನ್‌ಫೀಲ್ಡ್ ಅನ್ನೋ ಊರಲ್ಲಿ. ಅಮೆರಿಕದ ಅಂತರ್ಯುದ್ಧದಲ್ಲಿ ಉತ್ತರದ ಸೇನೆಯ ಪರವಾಗಿ ಹೋರಾಡಿದ. ಆಮೇಲೆ ಕೆಲಕಾಲ ಶಾಲಾ ಮೇಷ್ಟ್ರಾಗಿದ್ದ. ಪಶ್ಚಿಮದ ಕಡೆ ವಲಸೆ ಹೋಗಿ, ಕ್ಯಾನ್ಸಸ್ ರಾಜ್ಯದ ಟೊಪೀಕಾದಲ್ಲೂ ಆಮೇಲೆ ಕ್ಯಾನ್ಸಸ್ ಸಿಟಿಯಲ್ಲೂ ಅಂತ್ಯಸಂಸ್ಕಾರದ ವ್ಯವಹಾರ ನಡೆಸಿದ. ನಮ್ಮಲ್ಲಿ ಸಾವಾದರೆ ಓಣಿಯವರು, ನೆಂಟರು ಸೇರಿ ಮಾಡೋ ಕೆಲಸ ಅಲ್ಲಿ ಒಂದು ಅಂಗಡಿ ವ್ಯಾಪಾರ. ಶವಪೆಟ್ಟಿಗೆ, ಹೊತ್ತೊಯ್ಯೋ ಗಾಡಿ, ಹೂಳೋ ಏರ್ಪಾಡು ಎಲ್ಲದಕ್ಕೂ ಒಬ್ಬನೇ ವ್ಯಾಪಾರಿ. ಈ ವ್ಯಾಪಾರಕ್ಕೊಂದು ವಿಚಿತ್ರ ಗುಣ ಇದೆ. ಗಿರಾಕಿ ನಾಲ್ಕು ಅಂಗಡಿ ತಿರುಗಿ ಚೌಕಾಸಿ ಮಾಡಲ್ಲ. ಮನೆಯಲ್ಲಿ ಸಾವಾದ ಗಳಿಗೆಯಲ್ಲಿ ಯಾರು ಮೊದಲು ಸಿಕ್ಕರೋ ಅವರಿಗೇ ಕೆಲಸ. ಹಾಗಾಗಿ ಪಟ್ಟಣಕ್ಕೆ ಟೆಲಿಫೋನ್ ಬಂದ ಮೇಲೆ ಸ್ಟ್ರೌಜರನ ಅನ್ನ ಇದ್ದದ್ದು ಅದರ ತಂತಿಯಲ್ಲಿ.

ಆಗಿನ ಟೆಲಿಫೋನಿನಲ್ಲಿ ಡಯಲ್ ಇರಲಿಲ್ಲ, ಬಹಳ ಕಡೆ ನಂಬರೂ ಬೇಕಿರಲಿಲ್ಲ. ಫೋನ್ ಎತ್ತಿದರೆ ಎಕ್ಸ್‌ಚೇಂಜಿನಲ್ಲಿ ಸ್ವಿಚ್‌ಬೋರ್ಡ್ ಮುಂದೆ ಕೂತ ಆಪರೇಟರ್ ಸಿಗುತ್ತಿದ್ದಳು. ಯಾರು ಬೇಕು ಅಂತ ಹೇಳಬೇಕು, ಅವಳು ನಿಮ್ಮ ವಯರನ್ನ ತಂದು ಅವರ ತೂತಿಗೆ ಚುಚ್ಚಬೇಕು. ಶುರುವಿನಲ್ಲಿ ಈ ಕೆಲಸಕ್ಕೆ ಹುಡುಗರನ್ನ ಇಟ್ಟಿದ್ದರು, ಅವರ ಒರಟುತನ ಗಿರಾಕಿಗಳಿಗೆ ಹಿಡಿಸಲಿಲ್ಲ. 1878ರಲ್ಲಿ ಬಾಸ್ಟನ್ನಿನಲ್ಲಿ ಎಮ್ಮಾ ನಟ್ ಅನ್ನೋ ಯುವತಿ ಕೆಲಸಕ್ಕೆ ಸೇರಿದ ಮೇಲೆ ಕೆಲವೇ ವರ್ಷಗಳಲ್ಲಿ ಇದು ಹೆಂಗಸರ ಕೆಲಸ ಆಗಿಹೋಯಿತು. ಹೆಂಗಸರ ದನಿ ಮೃದು ಅನ್ನೋದು ಕಂಪನಿಗಳು ಕೊಟ್ಟ ಕಾರಣ. ಹೆಂಗಸರಿಗೆ ಸಂಬಳ ಕಡಿಮೆ ಕೊಟ್ಟರೂ ನಡೆಯುತ್ತೆ ಅನ್ನೋದು ಹೇಳದೆ ಬಿಟ್ಟ ಕಾರಣ.

1880ರ ದಶಕದ ಕೊನೆಯಲ್ಲಿ ಸ್ಟ್ರೌಜರನಿಗೆ ಒಂದು ಅನುಮಾನ ಹತ್ತಿಕೊಂಡಿತು. ತನಗೆ ಬರಬೇಕಾದ ಕರೆಗಳು ಬರುತ್ತಿಲ್ಲ, ಎದುರಾಳಿ ವ್ಯಾಪಾರಿಗೆ ಹೋಗುತ್ತಿವೆ ಅಂತ. ಮಿಕ್ಕಿದ್ದು ದಂತಕಥೆ. ಎಕ್ಸ್‌ಚೇಂಜಿನ ಆಪರೇಟರ್ ಎದುರಾಳಿಯ ಹೆಂಡತಿ ಅಂತ ಕೆಲವರು ಹೇಳ್ತಾರೆ, ನೆಂಟಳು ಅಂತ ಇನ್ನು ಕೆಲವರು. ಘಟನೆ ನಡೆದ ಊರು ಟೊಪೀಕಾ ಅಂತ ಒಂದು ಕಥೆ, ಕ್ಯಾನ್ಸಸ್ ಸಿಟಿ ಅಂತ ಇನ್ನೊಂದು. ಸ್ಟ್ರೌಜರ್ ಬೇಕು ಅಂತ ಕೇಳಿದವರಿಗೆ ಅವನ ಲೈನ್ ಬ್ಯುಸಿ ಇದೆ ಅಂತ ಹೇಳಿ ಇನ್ನೊಬ್ಬನಿಗೆ ಜೋಡಿಸುತ್ತಿದ್ದಳು ಅನ್ನೋದು ಎಲ್ಲ ಕಥೆಗಳ ತಿರುಳು.

ಇದಕ್ಕೆ ತದ್ವಿರುದ್ಧವಾದ ಒಂದು ಕಥೆಯೂ ಇದೆ. ಸ್ಟ್ರೌಜರನ ದೂರು ಕೇಳಿ ಸಾಕಾಗಿ ಟೆಲಿಫೋನ್ ಕಂಪನಿಯವರೇ ಅಂಗಡಿಗೆ ಬಂದು ನೋಡಿದರಂತೆ. ಅಂಗಡಿಯ ಲೋಹದ ಬೋರ್ಡು ಗಾಳಿಗೆ ಓಲಾಡಿ ಟೆಲಿಫೋನ್ ಸಂಪರ್ಕಕ್ಕೆ ತಾಗಿದಾಗಲೆಲ್ಲ ಲೈನ್ ಶಾರ್ಟ್ ಆಗುತ್ತಿತ್ತಂತೆ. ಇದು ನಿಜ ಆಗಿದ್ದರೆ ಆ ಹೆಣ್ಣುಮಗಳ ತಪ್ಪು ಏನೂ ಇರಲಿಲ್ಲ. ಒಂದು ಶತಮಾನದಿಂದ ಟೆಲಿಕಾಂ ಪಾಠಗಳಲ್ಲಿ ಆಕೆಯನ್ನ ಹೆಸರಿಲ್ಲದ ಖಳನಾಯಕಿಯಾಗಿ ಮಾಡಿ, ನಗುನಗುತ್ತಾ ಈ ಕಥೆ ಹೇಳಿಕೊಂಡು ಬಂದಿದ್ದೀವಿ. ಆಕೆ ಏನು ಹೇಳಿರಬಹುದು ಅಂತ ಯಾರೂ ಬರೆದಿಟ್ಟಿಲ್ಲ.

ಕಥೆ ಯಾವುದೇ ನಿಜ ಇರಲಿ, ಸ್ಟ್ರೌಜರನ ಸಿಟ್ಟಿನ ಒಳಗೆ ಒಂದು ಗಟ್ಟಿ ರಾಜಕೀಯ ಪ್ರಶ್ನೆ ಇತ್ತು. ಇಬ್ಬರ ಮಾತಿನ ನಡುವೆ ಮೂರನೆಯವರು ಕೂತರೆ, ಆ ಮೂರನೆಯವರಿಗೆ ಇಬ್ಬರ ಮೇಲೂ ಅಧಿಕಾರ ಇರುತ್ತೆ. ಯಾರ ಕರೆ ಮೊದಲು, ಯಾರದ್ದು ಆಮೇಲೆ, ಯಾರದ್ದು ಹೋಗಲೇಬಾರದು ಅಂತ ತೀರ್ಮಾನಿಸೋದು ಅವರು. ಪ್ರಶ್ನೆ ಸರಿಯಾಗಿಯೇ ಇತ್ತು. ಎಡವಟ್ಟಾಗಿದ್ದು ಬೋರ್ಡಿನ ಮುಂದೆ ಕೂತವಳನ್ನೇ ಬೋರ್ಡಿನ ಒಡೆಯ ಅಂದುಕೊಂಡದ್ದರಲ್ಲಿ.

ಆಪರೇಟರನ್ನೇ ತೆಗೆದುಹಾಕೋ ಯಂತ್ರ ಮಾಡ್ತೀನಿ ಅಂತ ಸ್ಟ್ರೌಜರ್ ಹೊರಟ. ಎಂಜಿನಿಯರ್ ಅಲ್ಲ, ವಿದ್ಯುತ್ ಶಾಸ್ತ್ರ ಓದಿದವನೂ ಅಲ್ಲ. ಶರ್ಟಿನ ಕಾಲರ್ ಇಡೋ ದುಂಡನೆಯ ಡಬ್ಬಿಯೊಳಗೆ ಸಾಲುಸಾಲಾಗಿ ಗುಂಡುಸೂಜಿ ಚುಚ್ಚಿ ಮೊದಲ ಮಾದರಿ ಮಾಡಿದ ಅಂತ ಹೇಳ್ತಾರೆ. 1889ರ ಮಾರ್ಚ್‌ನಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದ, 1891ರ ಮಾರ್ಚ್ 10ಕ್ಕೆ ಪೇಟೆಂಟ್ ಕೈಗೆ ಬಂತು. ಅದರ ಸಂಖ್ಯೆ 447,918.

ಯಂತ್ರದ ಐಡಿಯಾ ಸರಳ, ಅದನ್ನ ಸ್ವಲ್ಪ ನಿಧಾನವಾಗಿ ನೋಡೋಣ. ಹತ್ತು ಮಹಡಿಯ ಒಂದು ಕಟ್ಟಡ, ಒಂದೊಂದು ಮಹಡಿಯಲ್ಲಿ ಹತ್ತು ಮನೆ ಅಂದುಕೊಳ್ಳಿ. ನಡುವೆ ಒಂದು ಸಣ್ಣ ಲೋಹದ ಕೈ. ನೀವು 8 ಅಂತ ಹೇಳಿದರೆ ವಿದ್ಯುತ್ಕಾಂತ ಎಂಟು ಸಲ ಎಳೆದು ಆ ಕೈಯನ್ನ ಎಂಟು ಮೆಟ್ಟಿಲು ಮೇಲೇರಿಸುತ್ತೆ. ಆಮೇಲೆ 3 ಅಂದರೆ ಅದು ಮೂರು ಹೆಜ್ಜೆ ಪಕ್ಕಕ್ಕೆ ತಿರುಗಿ, 83ನೇ ಮನೆಯ ಬಾಗಿಲಿಗೆ ತಾಗಿ ನಿಲ್ಲುತ್ತೆ. ಇಂಥ ಕೈಗಳನ್ನ ಒಂದರ ಹಿಂದೆ ಒಂದು ಜೋಡಿಸಿದರೆ ನೂರು ಮನೆ ಸಾವಿರ ಆಗುತ್ತೆ, ಸಾವಿರ ಹತ್ತು ಸಾವಿರ ಆಗುತ್ತೆ. ಮುಂದೆ ಜಗತ್ತಿನಾದ್ಯಂತ ರೂಢಿಗೆ ಬಂದದ್ದು ಈ ರೂಪ. ಅಂಕಿ ಒತ್ತಿದವರು ಯಾರು, ಬ್ರಾಹ್ಮಣನೋ ದಲಿತನೋ, ಸಾಹುಕಾರನೋ ಕೂಲಿಯವನೋ ಅಂತ ಆ ಕೈಗೆ ಗೊತ್ತಾಗಲ್ಲ. ಕೊಟ್ಟ ಅಂಕಿಯಷ್ಟು ಹೆಜ್ಜೆ ಇಡೋದಷ್ಟೇ ಅದಕ್ಕೆ ಗೊತ್ತು. ಇವತ್ತು ನಾವು ನೆಟ್ ನ್ಯೂಟ್ರಾಲಿಟಿ ಅಂತ ಕರೆಯೋ ಕನಸಿಗೆ ಇದಕ್ಕಿಂತ ಒಳ್ಳೆ ಗೊಂಬೆ ಸಿಗಲ್ಲ.

ಐಡಿಯಾ ಇದ್ದರೂ ಕೈಯಲ್ಲಿ ದುಡ್ಡು ಇರಲಿಲ್ಲ. ಸಹೋದರನ ಮಗ ವಾಲ್ಟರ್, ಜೋಸೆಫ್ ಹ್ಯಾರಿಸ್, ಮೋಸೆಸ್ ಮೇಯರ್ ಜೊತೆ ಸೇರಿ 1891ರಲ್ಲಿ ಕಂಪನಿ ಶುರುವಾಯಿತು. 1892ರ ನವೆಂಬರ್ 3ರಂದು ಇಂಡಿಯಾನಾ ರಾಜ್ಯದ ಲಾ ಪೋರ್ಟ್ ಪಟ್ಟಣದಲ್ಲಿ ಸಾರ್ವಜನಿಕರಿಗೆ ಮೊದಲ ಆಟೊಮ್ಯಾಟಿಕ್ ಎಕ್ಸ್‌ಚೇಂಜ್ ತೆರೆದರು, ಸುಮಾರು 75 ಚಂದಾದಾರರಿಗೆ. ಫೋನಿನ ಮೇಲೆ ಆಗಿನ್ನೂ ದುಂಡನೆಯ ಡಯಲ್ ಬಂದಿರಲಿಲ್ಲ, ಗುಂಡಿಗಳಿದ್ದವು. 83 ಬೇಕಾದರೆ ಒಂದು ಗುಂಡಿಯನ್ನ ಎಂಟು ಸಲ, ಇನ್ನೊಂದನ್ನ ಮೂರು ಸಲ ಎಣಿಸಿ ಒತ್ತಬೇಕು. ಎಣಿಕೆ ತಪ್ಪಿದರೆ ಬೇರೆ ಯಾರದೋ ಮನೆಗೆ ಹೋಗುತ್ತಿತ್ತು. ಡಯಲ್ ಬಂದದ್ದು 1896ರಲ್ಲಿ. ಅದನ್ನ ಮಾಡಿದ್ದು ಕಂಪನಿಯಲ್ಲಿದ್ದ ಕೀತ್, ಎರಿಕ್ಸನ್ ಸಹೋದರರೇ ಮುಂತಾದ ಕುಶಲಕರ್ಮಿಗಳು. ನಿಜ ಹೇಳಬೇಕಂದರೆ ಸ್ಟ್ರೌಜರನ ಒರಟು ಕಲ್ಪನೆಯನ್ನ ಕೆಲಸ ಮಾಡೋ ಯಂತ್ರವಾಗಿ ಬದಲಿಸಿದ್ದು ಇವರೇ. ಆದರೆ ಹೆಸರು ಉಳಿದದ್ದು ಪೇಟೆಂಟ್ ಇದ್ದವನದು.

ದುಡ್ಡು ಮಾತ್ರ ಇವರಿಗೂ ಉಳಿಯಲಿಲ್ಲ, ಅವನಿಗೂ ಉಳಿಯಲಿಲ್ಲ. 1896ರಲ್ಲಿ ಸ್ಟ್ರೌಜರ್ ತನ್ನ ಪೇಟೆಂಟ್‌ಗಳನ್ನ 1,800 ಡಾಲರಿಗೆ ಪಾಲುದಾರರಿಗೇ ಮಾರಿದ. ಎರಡು ವರ್ಷ ಬಿಟ್ಟು ಕಂಪನಿಯಲ್ಲಿನ ಪಾಲನ್ನೂ 10,000 ಡಾಲರಿಗೆ ಬಿಟ್ಟುಕೊಟ್ಟ. ಆರೋಗ್ಯ ಕೆಟ್ಟಿತ್ತು, ಬಿಸಿಲಿನ ಊರು ಅಂತ ಫ್ಲಾರಿಡಾದ ಸೇಂಟ್ ಪೀಟರ್ಸ್‌ಬರ್ಗಿಗೆ ಹೋಗಿ ನೆಲೆಸಿದ. 1902ರ ಮೇ 26ರಂದು ಅಲ್ಲೇ ತೀರಿಕೊಂಡಾಗ ಅವನಿಗೆ 63 ವರ್ಷ. 1916ರಲ್ಲಿ ಅವೇ ಪೇಟೆಂಟ್‌ಗಳು 25 ಲಕ್ಷ ಡಾಲರಿಗೆ ಕೈ ಬದಲಾದವು. ಕೊಂಡದ್ದು ಬೆಲ್ ಕೂಟ. ಬೆಲ್ ಅಂದರೆ ಆಗ ಅಮೆರಿಕದ ಟೆಲಿಫೋನಿನ ದೊಡ್ಡಪ್ಪ. ಸಣ್ಣ ಸ್ವತಂತ್ರ ಕಂಪನಿಗಳು ಸ್ಟ್ರೌಜರ್ ಯಂತ್ರ ಹಾಕಿಕೊಂಡು ಪೈಪೋಟಿ ಕೊಡುತ್ತಿದ್ದಷ್ಟು ಕಾಲ ಈ ದೊಡ್ಡಪ್ಪ ಆಪರೇಟರ್‌ಗಳೇ ಸಾಕು ಅಂತ ಕೂತಿದ್ದ.

ಬೆಲ್ ಮನಸ್ಸು ಬದಲಿಸಿದ್ದು 1919ರಲ್ಲಿ, ವರ್ಜೀನಿಯಾದ ನಾರ್ಫೋಕ್‌ನಲ್ಲಿ ಸ್ಟ್ರೌಜರ್ ಮಾದರಿಯ ದೊಡ್ಡ ಎಕ್ಸ್‌ಚೇಂಜ್ ತೆರೆದಾಗ. ಅದೇ ವರ್ಷ ಏಪ್ರಿಲ್‌ನಲ್ಲಿ ನ್ಯೂ ಇಂಗ್ಲೆಂಡ್ ಪ್ರದೇಶದಲ್ಲಿ ಜೂಲಿಯಾ ಓ'ಕಾನರ್ ಮುಂದಾಳತ್ವದಲ್ಲಿ ಸುಮಾರು 8,000 ಆಪರೇಟರ್ ಹೆಂಗಸರು ಕೆಲಸ ಬಿಟ್ಟು ಬೀದಿಗಿಳಿದಿದ್ದರು. ಆರು ದಿನ ಐದು ರಾಜ್ಯಗಳಲ್ಲಿ ಟೆಲಿಫೋನ್ ಸ್ತಬ್ಧ. ಸಂಬಳ ಏರಿಸಿಕೊಂಡೇ ವಾಪಸ್ ಬಂದರು. ಆ ಮುಷ್ಕರಕ್ಕೆ ಹೆದರಿಯೇ ಬೆಲ್ ಯಂತ್ರ ತಂದಿತು ಅಂತ ನಾನು ಹೇಳಲ್ಲ. ಯೋಜನೆ ಮೊದಲೇ ಇತ್ತು, ನಗರಗಳು ಬೆಳೆದ ವೇಗಕ್ಕೆ ಆಪರೇಟರ್‌ಗಳೂ ಸಾಲುತ್ತಿರಲಿಲ್ಲ. ಆದರೆ ಬೋರ್ಡಿನ ಮುಂದೆ ಕೂತವರು ಒಟ್ಟಾಗಿ ಎದ್ದು ನಿಲ್ಲಬಲ್ಲರು ಅಂತ ಕಂಪನಿಗಳಿಗೆ ಅರ್ಥ ಆದ ವರ್ಷ ಅದು. ಲೋಹದ ಕೈ ಮುಷ್ಕರ ಹೂಡಲ್ಲ ಅನ್ನೋದನ್ನ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ.

ಅಲ್ಲಿಗೆ ಸ್ಟ್ರೌಜರನ ಆಸೆ ಈಡೇರಿತಾ? ಆಪರೇಟರ್ ನಿಧಾನವಾಗಿ ಹೋದಳು. ಬೋರ್ಡಿನ ಒಡೆಯ ಅಲ್ಲೇ ಉಳಿದ, ಮೊದಲಿಗಿಂತ ಗಟ್ಟಿಯಾಗಿ.

ಈ ಯಂತ್ರ ನಮ್ಮೂರಿಗೂ ಬಂತು. ಲಿವರ್‌ಪೂಲಿನ ಒಂದು ಕಂಪನಿ ಸ್ಟ್ರೌಜರ್ ಎಕ್ಸ್‌ಚೇಂಜ್ ತಯಾರಿಸುತ್ತಿತ್ತು. 1948ರಲ್ಲಿ ಆ ಕಂಪನಿಯ ತಾಂತ್ರಿಕ ನೆರವಿನಿಂದ ಬೆಂಗಳೂರಿನಲ್ಲಿ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್, ಅಂದರೆ ನಮ್ಮ ಐಟಿಐ ಶುರುವಾಯಿತು. ಸ್ವಾತಂತ್ರ್ಯದ ನಂತರ ದೇಶದ ಮೊದಲ ಸಾರ್ವಜನಿಕ ಉದ್ದಿಮೆ. ಕೆ.ಆರ್.ಪುರದ ಹತ್ತಿರದ ದೂರವಾಣಿನಗರ ಅನ್ನೋ ಹೆಸರೇ ಅದರಿಂದ ಬಂದದ್ದು. ದಶಕಗಳ ಕಾಲ ದೇಶದ ಎಷ್ಟೋ ಊರುಗಳ ಎಕ್ಸ್‌ಚೇಂಜಿನಲ್ಲಿ ಟಕಟಕ ಅಂತ ಸದ್ದು ಮಾಡುತ್ತಿದ್ದ ಲೋಹದ ಕೈಗಳು ಬೆಂಗಳೂರಿನ ಕಾರ್ಮಿಕರು ಜೋಡಿಸಿದವು. ಅದೇ ತತ್ವದ ಸಣ್ಣ ರೂಪ ಆಫೀಸುಗಳ ಒಳಗೂ ಸೇರಿಕೊಂಡಿತು. ಆಫೀಸ್ ಫೋನಿನಿಂದ ಹೊರಗೆ ಕರೆ ಮಾಡೋಕೆ ಇವತ್ತಿಗೂ ಮೊದಲು 0 ಅಥವಾ 9 ಒತ್ತುತ್ತೀವಲ್ವಾ? ಅದು ಆ ಹತ್ತು ಮಹಡಿ ಕಟ್ಟಡದ ನೆನಪು. ಒಂದು ಮಹಡಿಯನ್ನ ಹೊರಗಿನ ಲೈನಿಗೆ ಅಂತ ಎತ್ತಿಟ್ಟಿದ್ದರು. ಕಟ್ಟಡ ಹೋಗಿ ಸಾಫ್ಟ್‌ವೇರ್ ಬಂದರೂ ಆ ಅಂಕಿ ಉಳಿಯಿತು. ತಮಾಷೆ ಅಂದರೆ, ಈಗಿನ ಎಷ್ಟೋ ಗೇಟ್‌ವೇಗಳಿಗೆ ಹಳೇ ಡಯಲ್ ಫೋನ್ ಸಿಕ್ಕಿಸಿದರೆ ಅದರ ಭಾಷೆ ಗೊತ್ತಾಗಲ್ಲ. ಡಯಲ್ ಟೋನ್ ಕೊಡುತ್ತೆ, ಆದರೆ ಮುತ್ತಾತನ ಟಕಟಕ ಎಣಿಸೋಕೆ ಬರಲ್ಲ.

ಈಗ ಶುರುವಿನಲ್ಲಿ ನೋಡಿದ ಆ ಎರಡು ಪೆಟ್ಟಿಗೆಗಳಿಗೆ ವಾಪಸ್ ಬರೋಣ. ಭಾರತದಲ್ಲಿ ಇಂಟರ್ನೆಟ್ ಟೆಲಿಫೋನಿಗೆ ಅನುಮತಿ ಸಿಕ್ಕಿದ್ದು 2002ರ ಏಪ್ರಿಲ್‌ನಲ್ಲಿ. ಅದೂ ಅರೆಬರೆ. ಕಂಪ್ಯೂಟರಿನಿಂದ ವಿದೇಶದ ಫೋನಿಗೆ ಕರೆ ಮಾಡಬಹುದು, ಆದರೆ ಅದೇ ಕಂಪ್ಯೂಟರಿನಿಂದ ಪಕ್ಕದ ಬೀದಿಯ ಫೋನಿಗೆ ಮಾಡೋ ಹಾಗಿಲ್ಲ. ಕಂಪನಿಗಳ ಪಾಡು ಇನ್ನೂ ವಿಚಿತ್ರ. ಬೆಂಗಳೂರು ಆಫೀಸಿಗೂ ದೆಹಲಿ ಆಫೀಸಿಗೂ ಇಂಟರ್ನೆಟ್ ತಂತ್ರಜ್ಞಾನದ ಒಳಜಾಲ ಇದೆ ಅಂದುಕೊಳ್ಳಿ. ಬೆಂಗಳೂರಿನ ಉದ್ಯೋಗಿಯ ಕರೆಯನ್ನ ಆ ಜಾಲದಲ್ಲಿ ದೆಹಲಿಗೆ ಒಯ್ದು, ಅಲ್ಲಿನ ಇಪಿಎಬಿಎಕ್ಸ್ ಮೂಲಕ ಲೋಕಲ್ ಕಾಲ್ ಆಗಿ ಗಿರಾಕಿಗೆ ಮುಟ್ಟಿಸಿದರೆ ಎಸ್‌ಟಿಡಿ ದುಡ್ಡು ಉಳಿಯುತ್ತೆ. ಯಂತ್ರಕ್ಕೆ ಇದು ಒಂದು ಸಾಲಿನ ಸೆಟ್ಟಿಂಗ್. ಕಾನೂನಿಗೆ ಇದು ಟೋಲ್ ಬೈಪಾಸ್, ಅಪರಾಧ. ಹಾಗಾಗಿ ಇಂಟರ್ನೆಟ್ ಕಡೆಯಿಂದ ಬಂದ ಕರೆ ಸಾರ್ವಜನಿಕ ಫೋನ್ ಲೈನಿಗೆ ದಾಟದ ಹಾಗೆ ಪೆಟ್ಟಿಗೆಯೊಳಗೇ ಗೋಡೆ ಕಟ್ಟಬೇಕಿತ್ತು. ಸಿಸ್ಕೋದಂಥ ವಿದೇಶಿ ಕಂಪನಿಗಳು ತಮ್ಮ ಸಾಫ್ಟ್‌ವೇರಿಗೆ ಭಾರತದ ನಿಯಮಗಳನ್ನ ನೋಡಿಕೊಂಡೇ ಈ ಗೋಡೆಯ ಸೌಲಭ್ಯ ಸೇರಿಸಿದವು. ಎರಡನ್ನ ಜೋಡಿಸೋಕೆ ಅಂತ ಹುಟ್ಟಿದ ಯಂತ್ರಕ್ಕೆ, ಜೋಡಿಸದೆ ಇರೋದು ಹೇಗೆ ಅಂತ ಕಲಿಸಬೇಕಾಯಿತು.

ಇದರಲ್ಲಿ ಸುರಕ್ಷತೆಯ ವಾದ ಪೂರ್ತಿ ಸುಳ್ಳಲ್ಲ. ಸಿಮ್ ಬಾಕ್ಸ್ ಇಟ್ಟುಕೊಂಡು ಅಕ್ರಮ ಎಕ್ಸ್‌ಚೇಂಜ್ ನಡೆಸೋರು ವಿದೇಶದಿಂದ ಇಂಟರ್ನೆಟ್ ಮೇಲೆ ಬಂದ ಕರೆಯನ್ನ ಲೋಕಲ್ ಮೊಬೈಲ್ ನಂಬರಿನ ವೇಷ ಹಾಕಿಸಿ ನಮ್ಮ ಫೋನಿಗೆ ಕಳಿಸ್ತಾರೆ. ಡಿಜಿಟಲ್ ಅರೆಸ್ಟ್ ಅಂತ ಹೆದರಿಸಿ ವಯಸ್ಸಾದವರ ಉಳಿತಾಯ ದೋಚೋ ಗ್ಯಾಂಗುಗಳಿಗೆ ಇಂಥ ಕಳ್ಳದಾರಿಗಳೇ ಬೇಕು. ಅಂಥ ಕಡೆ ಕಾವಲು ಇರಲೇಬೇಕು. ಆದರೆ ಎಸ್‌ಟಿಡಿ ಆದಾಯ ಕಾಯೋದನ್ನೂ ಜನರನ್ನ ಕಾಯೋದನ್ನೂ ಒಂದೇ ಕಂತೆ ಕಟ್ಟಿ, ಎರಡಕ್ಕೂ ದೇಶದ ಭದ್ರತೆ ಅಂತ ಹೆಸರಿಟ್ಟರೆ ಅದನ್ನ ಒಪ್ಪೋದು ಕಷ್ಟ.

2014ರ ಡಿಸೆಂಬರ್ ನೆನಪಿದೆಯಾ? ಇಂಟರ್ನೆಟ್ ಮೇಲಿನ ಧ್ವನಿ ಕರೆಗೆ ಬೇರೆ ಡೇಟಾ ದರ ಹಾಕ್ತೀವಿ ಅಂತ ಏರ್‌ಟೆಲ್ ಘೋಷಿಸಿತು. ಸಾಮಾಜಿಕ ಜಾಲತಾಣಗಳಲ್ಲಿ ಜನ ಮುಗಿಬಿದ್ದರು, ಕೆಲವೇ ದಿನದಲ್ಲಿ ಕಂಪನಿ ಹಿಂದೆ ಸರಿಯಿತು. ಮುಂದಿನ ವರ್ಷ ಟ್ರಾಯ್‌ಗೆ ಹತ್ತು ಲಕ್ಷ ಮೀರಿ ಇಮೇಲ್ ಹೋದವು. ಆಗ ಕಾಲೇಜಿನಲ್ಲಿದ್ದ ಬಹಳ ಜನ ಜೀವನದಲ್ಲಿ ಮೊದಲ ಸಲ ಒಂದು ಸರ್ಕಾರಿ ಕಡತಕ್ಕೆ ಅಭಿಪ್ರಾಯ ಬರೆದದ್ದು ಅದೇ. 2016ರ ಫೆಬ್ರವರಿ 8ರಂದು ಟ್ರಾಯ್ ತಾರತಮ್ಯದ ಡೇಟಾ ದರಗಳನ್ನ ನಿಷೇಧಿಸಿತು. ನಡುವೆ ಕೂತವರು ಯಾರ ಕರೆಗೆ ಎಷ್ಟು ಅಂತ ನಿರ್ಧರಿಸಬಾರದು ಅನ್ನೋದು ಅಂಗಡಿಯಲ್ಲಿ ಕೂತು ಕುದಿಯುತ್ತಿದ್ದ ಸ್ಟ್ರೌಜರನ ಹಳೇ ತಕರಾರು. ಈ ಸಲ ಬೆರಳು ತೋರಿಸಿದ್ದು ಆಪರೇಟರ್ ಕಡೆಗಲ್ಲ, ಒಡೆಯನ ಕಡೆಗೆ.

ಕಂಪನಿಗಳ ಗೋಡೆಗಳೂ ಆಮೇಲೆ ಸಡಿಲಾದವು. 2020ರ ನವೆಂಬರ್‌ನಲ್ಲಿ, ಕೋವಿಡ್ ಎಲ್ಲರನ್ನೂ ಮನೆಯಿಂದ ಕೆಲಸಕ್ಕೆ ಕೂರಿಸಿದ ಮೇಲೆ, ಕಾಲ್ ಸೆಂಟರ್‌ಗಳು ದೂರಸಂಪರ್ಕ ಇಲಾಖೆಯಲ್ಲಿ ನೋಂದಣಿ ಮಾಡಿಸಬೇಕು ಅನ್ನೋ ನಿಯಮ ಹೋಯಿತು. 2021ರ ಜೂನ್‌ನಲ್ಲಿ ಇನ್ನೊಂದು ಹೆಜ್ಜೆ. ದೇಶದೊಳಗಿನ ಕಾಲ್ ಸೆಂಟರ್, ವಿದೇಶಿ ಕಾಲ್ ಸೆಂಟರ್ ಅನ್ನೋ ಭೇದ ತೆಗೆದರು, ಇಪಿಎಬಿಎಕ್ಸ್ ಜಗತ್ತಿನ ಯಾವ ಮೂಲೆಯಲ್ಲಾದರೂ ಇರಬಹುದು ಅಂದರು. ಉದ್ಯಮಿಗಳು ಇದನ್ನ ಸ್ವಾತಂತ್ರ್ಯ ಅಂತ ಸ್ವಾಗತಿಸಿದರು. ಯಾರ ಸ್ವಾತಂತ್ರ್ಯ ಅಂತ ಕೇಳಿದವರು ಕಡಿಮೆ.

ಸ್ವಿಚ್‌ಬೋರ್ಡಿನ ಮುಂದೆ ಕೂತಿದ್ದ ಆ ಹೆಣ್ಣುಮಗಳ ಜಾಗದಲ್ಲಿ ಇವತ್ತು ಕೂತಿರೋದು ಬೆಂಗಳೂರು, ಮೈಸೂರು, ಮಂಗಳೂರಿನ ಕಾಲ್ ಸೆಂಟರ್ ಹುಡುಗ ಹುಡುಗಿಯರು. ಬೈಗುಳ ತಿನ್ನೋದು ಇವರೇ, ಕಾಯಿಸಿದರು ಅಂತ ಅನ್ನಿಸಿಕೊಳ್ಳೋದೂ ಇವರೇ. ಆದರೆ ಯಾರ ಕರೆ ಯಾರಿಗೆ ಹೋಗಬೇಕು ಅನ್ನೋದು ಇವರ ಕೈಯಲ್ಲಿ ಇಲ್ಲ, ಅದನ್ನ ನಿರ್ಧರಿಸೋದು ಎಲ್ಲೋ ದೂರದ ಸರ್ವರಿನಲ್ಲಿರೋ ಸಾಫ್ಟ್‌ವೇರ್. ಅದೇ ಗೇಟ್‌ವೇಗೆ ಈಗ ಮಾತಾಡೋ ಬಾಟ್‌ಗಳನ್ನೂ ಜೋಡಿಸ್ತಿದ್ದಾರೆ. ಕಸ್ಟಮರ್ ಕೇರಿಗೆ ಫೋನ್ ಮಾಡಿ ಕನ್ನಡಕ್ಕೆ ಇಂಥ ಅಂಕಿ ಒತ್ತಿ ಅಂದಾಗ ಒತ್ತಿದರೂ ಎಷ್ಟೋ ಸಲ ಹಿಂದಿಯಲ್ಲಿ ಉತ್ತರ ಬರುತ್ತೆ. ನಮ್ಮ ಸಿಟ್ಟೆಲ್ಲ ಆ ಕಡೆ ಇರೋ ದನಿಯ ಮೇಲೆ ಹೋಗುತ್ತೆ. ಆ ಕರೆಯನ್ನ ಹಾಗೆ ತಿರುಗಿಸು ಅಂತ ಬರೆದಿಟ್ಟವರು ಯಾವ ಊರಿನವರು, ಅವರ ಲೆಕ್ಕದಲ್ಲಿ ಕನ್ನಡದವರಿಗೆ ಎಷ್ಟು ಜನರನ್ನ ಇಟ್ಟಿದ್ದಾರೆ ಅನ್ನೋದು ಫೋನ್ ಎತ್ತಿದವರಿಗೂ ಗೊತ್ತಿರಲ್ಲ.